ಶಾಲೆಯ ಗಣಕಯಂತ್ರ ಮತ್ತು ವಿದ್ಯಾರ್ಥಿಯ ಸುರಕ್ಷತೆ: ಒಂದು ಚಾರಿತ್ರಿಕ ಸಮೀಕ್ಷೆ

ನಮ್ಮ ಶಾಲೆಗಳಲ್ಲಿ ಗಣಕಯಂತ್ರದ ಶಿಕ್ಷಣವು ಬೆಳೆದುಬಂದ ಬಗೆಯನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಯೋಜನೆಗಳ ಹೆಸರನ್ನೂ ಯಂತ್ರಗಳ ಸಂಖ್ಯೆಯನ್ನೂ ಕೊಟ್ಟು ನಿಲ್ಲಿಸುತ್ತಾರೆ. ಯಾರನ್ನು ಯಾವುದರಿಂದ ಕಾಪಾಡಬೇಕೆಂದು ಆಯಾ ಕಾಲದವರು ಭಾವಿಸಿದ್ದರು ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಅವೇ ಸಂಗತಿಗಳನ್ನು ನೋಡಿದರೆ ಬೇರೊಂದು ಚರಿತ್ರೆ ಗೋಚರಿಸುತ್ತದೆ.

1984-85ರಲ್ಲಿ ಕೇಂದ್ರ ಸರಕಾರವು ‘ಕ್ಲಾಸ್’ ಎಂಬ ಯೋಜನೆಯನ್ನು ಆರಂಭಿಸಿತು. ಇಂಗ್ಲೆಂಡಿನ ಏಕಾರ್ನ್ ಕಂಪನಿಯ ಬಿ.ಬಿ.ಸಿ. ಮೈಕ್ರೊ ಯಂತ್ರಗಳು ಮೊದಲು ಸುಮಾರು 250 ಶಾಲೆಗಳಿಗೆ ಬಂದುವು. 32 ಕಿಲೋಬೈಟ್ ಸ್ಮೃತಿಯ ಆ ಯಂತ್ರವು ಇಂದು ಆಟದ ಸಾಮಾನಿನಂತೆ ತೋರಬಹುದು. ಅಂದು ಅದು ಶಾಲೆಯ ಅಮೂಲ್ಯ ಆಸ್ತಿ. ಬೀಗ ಹಾಕಿದ ಕೊಠಡಿ, ಧೂಳು ಬೀಳದಂತೆ ಹೊದಿಸಿದ ಬಟ್ಟೆ, ಬಾಗಿಲ ಹೊರಗೆ ಸಾಲಾಗಿ ಬಿಟ್ಟ ಚಪ್ಪಲಿಗಳು, ಇವೆಲ್ಲ ಆ ತಲೆಮಾರಿನ ಅನೇಕರಿಗೆ ನೆನಪಿರುತ್ತವೆ. (ಗರ್ಭಗುಡಿಯ ಮಡಿಯನ್ನು ಯಂತ್ರದ ಕೊಠಡಿಗೂ ತಂದ ಈ ಪದ್ಧತಿಯು ಸಮಾಜಶಾಸ್ತ್ರಜ್ಞರ ಗಮನಕ್ಕೆ ತಕ್ಕುದು.) ಸುರಕ್ಷತೆಯೆಂದರೆ ಯಂತ್ರದ ಸುರಕ್ಷತೆ; ಅಪಾಯವೆಂದರೆ ವಿದ್ಯಾರ್ಥಿಯ ಕೈ. ಇದನ್ನು ನೆನೆದು ನಗುವುದು ಸಲ್ಲದು. ಆ ಯಂತ್ರಕ್ಕೆ ಶಾಲೆಯ ಹೊರಗಿನ ಸಂಪರ್ಕವಿಲ್ಲದುದರಿಂದ, ಅದರ ಮೂಲಕ ಅಪರಿಚಿತನೊಬ್ಬನು ಮಗುವನ್ನು ಸಮೀಪಿಸುವ ಸಂಭವವೂ ಇರಲಿಲ್ಲ.

1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಸಾರ್ವಜನಿಕರಿಗೆ ಇಂಟರ್‌ನೆಟ್ ಸೇವೆಯನ್ನು ತೆರೆದ ಮೇಲೆ ಪರಿಸ್ಥಿತಿ ಮಾರ್ಪಡತೊಡಗಿತು. ಕರ್ನಾಟಕದ ಸರಕಾರಿ ಪ್ರೌಢಶಾಲೆಗಳಿಗೆ ‘ಮಾಹಿತಿ ಸಿಂಧು’ ಯೋಜನೆಯು ಗಣಕಯಂತ್ರಗಳನ್ನು ತಂದುದು ಅನಂತರದ ಮಾತು. ಕಾನೂನಾದರೂ ಮಗುವನ್ನು ತಡವಾಗಿಯೇ ಕಂಡಿತು. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯಲ್ಲಿ ಮಕ್ಕಳ ರಕ್ಷಣೆಗೆಂದೇ ರಚಿಸಿದ ವಿಧಿಯಿರಲಿಲ್ಲ. 2008ರ ತಿದ್ದುಪಡಿಯ ಮೂಲಕ ಸೇರಿ 2009ರ ಅಕ್ಟೋಬರಿನಲ್ಲಿ ಜಾರಿಗೆ ಬಂದ 67ಬಿ ವಿಧಿಯು ಮಕ್ಕಳ ಅಶ್ಲೀಲ ಚಿತ್ರಗಳ ಪ್ರಸಾರವನ್ನಷ್ಟೇ ಅಲ್ಲದೆ, ಜಾಲದ ಮೂಲಕ ಮಕ್ಕಳನ್ನು ಲೈಂಗಿಕ ದುರುದ್ದೇಶದಿಂದ ಸಲಿಗೆಗೆಳೆಯುವುದನ್ನೂ ಅಪರಾಧವೆಂದು ಸಾರಿತು.

ಶಿಕ್ಷಣದ ಕ್ಷೇತ್ರದಲ್ಲಿ 2012ರ ರಾಷ್ಟ್ರೀಯ ನೀತಿಯು ಶಾಲೆಗಳಲ್ಲಿ ಇಂಟರ್‌ನೆಟ್ ಬಳಕೆಯ ಮೇಲೆ ಮೇಲ್ವಿಚಾರಣೆಯಿರಬೇಕೆಂದೂ, ಸ್ವಂತ ವಿವರಗಳನ್ನು ಹೊರಗೆಡಹುವುದರ ಅಪಾಯವನ್ನು ವಿದ್ಯಾರ್ಥಿಗಳಿಗೆ ತಿಳಿಸಬೇಕೆಂದೂ ಹೇಳಿತು. ಇದು ಮುಖ್ಯವಾದ ತಿರುವೆಂಬುದರಲ್ಲಿ ಸಂದೇಹವಿಲ್ಲ. ಆದರೆ ನೀತಿಯ ಕಣ್ಣಮುಂದಿದ್ದುದು ಇನ್ನೂ ಅದೇ ಕೊಠಡಿ: ಉಪಾಧ್ಯಾಯರ ಕಣ್ಗಾವಲಿನಲ್ಲಿ, ಗೋಡೆಯೊಳಗೆ ಕುಳಿತ ವಿದ್ಯಾರ್ಥಿ.

2020ರ ಮಾರ್ಚಿನಲ್ಲಿ ಆ ಗೋಡೆ ಇಲ್ಲವಾಯಿತು. ಶಾಲೆಗಳು ಮುಚ್ಚಿ, ಪಾಠವು ಮೊಬೈಲಿಗೆ ಬಂದಿತು. ಆ ಜೂನ್ ತಿಂಗಳಲ್ಲಿ ಕರ್ನಾಟಕ ಸರಕಾರವು ಕೆಳತರಗತಿಗಳ ಆನ್‌ಲೈನ್ ಪಾಠವನ್ನು ನಿಷೇಧಿಸಿತು. ಜುಲೈ 8ರಂದು ಉಚ್ಚ ನ್ಯಾಯಾಲಯವು ಶಿಕ್ಷಣದ ಹಕ್ಕನ್ನು ಮುಂದಿಟ್ಟು ಆ ಆಜ್ಞೆಗೆ ತಡೆ ನೀಡಿತು. ಎಳೆಯರು ಪರದೆಯ ಮುಂದೆ ಎಷ್ಟು ಹೊತ್ತು ಕುಳಿತಿರಬಹುದು, ಮೊಬೈಲಿಲ್ಲದವರ ಗತಿಯೇನು ಎಂಬ ವಾದಗಳೇ ಆಗ ಪ್ರಬಲವಾಗಿ ಕೇಳಿಬಂದುವು. ಎರಡೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಅದೇ ಪರದೆಯ ಮೂಲಕ ಮಗುವಿನ ಬಳಿಗೆ ಯಾರು ಬರಬಹುದೆಂಬುದು ಹಿಂದೆ ಸರಿಯಿತೆಂದೇ ನನ್ನ ಅಭಿಪ್ರಾಯ. ಆಗಸ್ಟಿನಲ್ಲಿ ‘ವಿದ್ಯಾಗಮ’ ಯೋಜನೆಯಂತೆ ಉಪಾಧ್ಯಾಯರೇ ಮಕ್ಕಳಿದ್ದೆಡೆಗೆ ಹೋಗಿ ಗುಡಿಯ ಜಗುಲಿ, ಮರದ ನೆರಳುಗಳಲ್ಲಿ ಪಾಠ ಹೇಳಿದರು. ಅಕ್ಟೋಬರಿನಲ್ಲಿ ಅದೂ ನಿಂತಿತು.

ಇಲ್ಲಿ ಇನ್ನೊಂದು ತೊಡಕುಂಟು. ಎಷ್ಟೋ ಮನೆಗಳಲ್ಲಿ ಮಗುವಿನ ಕೈಗೆ ಬಂದುದು ತಂದೆಯ ಮೊಬೈಲು, ತಂದೆಯ ಹೆಸರಿನ ಸಂಖ್ಯೆ. ದಾಖಲೆಯ ಮಟ್ಟಿಗೆ ಅಲ್ಲಿ ಮಗುವೇ ಇಲ್ಲ. 2023ರ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆಯು 18 ವರ್ಷ ತುಂಬದವರ ವಿವರಗಳನ್ನು ಬಳಸಲು ತಂದೆತಾಯಿಗಳ ಪರಿಶೀಲಿಸಬಹುದಾದ ಒಪ್ಪಿಗೆ ಬೇಕೆನ್ನುತ್ತದೆ. ತಂದೆಗೆ ಪಾಸ್‌ವರ್ಡ್ ಹಾಕಿಕೊಟ್ಟವನೇ ಮಗನಾಗಿರುವ ಮನೆಯಲ್ಲಿ ಆ ಒಪ್ಪಿಗೆಯನ್ನು ಒತ್ತುವ ಬೆರಳು ಯಾರದು?

ಇದಕ್ಕೆ ಉತ್ತರ ಕಾಯಿದೆಯ ಪುಸ್ತಕದಲ್ಲಿ ದೊರೆಯುವಂತಿಲ್ಲ. 2020-21ರಲ್ಲಿ ಉಪಾಧ್ಯಾಯರು ತರಗತಿಗಳಿಗಾಗಿ ರಚಿಸಿದ ವಾಟ್ಸ್‌ಆಪ್ ಗುಂಪುಗಳ ಸಂದೇಶಗಳು ಈ ವಿಷಯದ ಮೂಲ ಆಕರಗಳು; ಮೊಬೈಲು ಬದಲಾದಂತೆಲ್ಲ ಅವು ಅಳಿದುಹೋಗುತ್ತಿವೆ. ನಮ್ಮ ಕಾಲೇಜುಗಳ ಇತಿಹಾಸ ವಿದ್ಯಾರ್ಥಿಗಳು ತಂತಮ್ಮ ತಾಲ್ಲೂಕುಗಳ ಉಪಾಧ್ಯಾಯರನ್ನು ಕಂಡು, ಅವರ ಹೇಳಿಕೆಗಳನ್ನು, ಮಕ್ಕಳ ಹೆಸರುಗಳನ್ನು ಬಿಟ್ಟು, ಈಗಲೇ ಬರೆದಿಟ್ಟುಕೊಳ್ಳುವುದು ಅಗತ್ಯ.