ರೇಡಾನ್ (ಮನೆಯೊಳಗಿನ)
ಬಂಡೆ, ಮಣ್ಣುಗಳಲ್ಲಿರುವ ಯುರೇನಿಯಂ ಕ್ಷಯಿಸುವಾಗ ರೇಡಿಯಂನಿಂದ ಹುಟ್ಟುವ ವಿಕಿರಣಶೀಲ ಅನಿಲ. ಬಣ್ಣ, ವಾಸನೆ ಇಲ್ಲ, ಅರ್ಧಾಯುಷ್ಯ 3.8 ದಿನ. ಬಯಲಿನಲ್ಲಿ ಚದುರಿಹೋಗುವ ಇದು ನೆಲದ ಬಿರುಕುಗಳಿಂದ ನುಸುಳಿ, ಗಾಳಿಯಾಡದ ಕೋಣೆಗಳಲ್ಲಿ ಶೇಖರವಾಗುತ್ತದೆ. ನಿಜವಾದ ಹಾನಿ ರೇಡಾನ್ ಕ್ಷಯದಿಂದ ಬರುವ ಪೊಲೋನಿಯಂನದು: ಧೂಳಿಗೆ ಅಂಟಿ ಶ್ವಾಸಕೋಶ ಸೇರಿ, ಆಲ್ಫಾ ಕಣಗಳಿಂದ ಜೀವಕೋಶಗಳನ್ನು ಘಾಸಿಗೊಳಿಸುತ್ತದೆ. ಬೀಡಿ, ಸಿಗರೇಟು ಸೇದುವವರಲ್ಲಿ ಇದರಿಂದಾಗುವ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಇನ್ನೂ ಬಹಳ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಸೂಚಿಸಿದ ಮಟ್ಟ ಘನಮೀಟರಿಗೆ 100 ಬೆಕೆರೆಲ್. ಅದು ಸಾಧ್ಯವಾಗದಿದ್ದರೂ 300 ದಾಟಬಾರದು.

ರೇಡಾನ್ ಎಷ್ಟು ಹುಟ್ಟುತ್ತದೆಂಬುದು ನೆಲದಡಿಯ ಕಲ್ಲಿನ ಮೇಲೂ ನಿಂತಿದೆ. ಉದಾಹರಣೆಗೆ, ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್‌ಗಳ ಅಡಿಯಲ್ಲಿರುವುದು ಭೀಮಾ ಶಿಲಾಸಮೂಹದ ಸುಣ್ಣಕಲ್ಲು. ಸಿಮೆಂಟಿಗೂ ಮನೆಗೆ ಹಾಸುವ ಫರಸಿಗೂ ಅದೇ ಮೂಲ. ಚಿಂಚೋಳಿಯ ಬಹುಭಾಗ ಕಪ್ಪುಶಿಲೆ (ಬಸಾಲ್ಟ್). ಇವೆರಡರಲ್ಲೂ ಸಾಮಾನ್ಯವಾಗಿ ಯುರೇನಿಯಂ ಕಡಿಮೆ. ಆದರೆ ಇಷ್ಟಕ್ಕೇ ನಿಶ್ಚಿಂತರಾಗುವುದು ತಪ್ಪು. ಇದೇ ಶಿಲಾಸಮೂಹದ ದಕ್ಷಿಣ ಅಂಚಿನಲ್ಲಿ, ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ, ಸ್ತರಭಂಗದುದ್ದಕ್ಕೂ ಸುಣ್ಣಕಲ್ಲು ಮತ್ತು ಗ್ರಾನೈಟ್‌ಗಳಲ್ಲಿ ಯುರೇನಿಯಂ ನಿಕ್ಷೇಪವಿದೆ. ಕಲ್ಲಿನ ಹೆಸರು ನೋಡಿ ಮನೆಯ ರೇಡಾನ್ ಹೇಳಲಾಗದು, ಅಳೆಯಲೇಬೇಕು. ಆಲ್ಫಾ ಕಣಗಳ ಗುರುತು ಹಿಡಿಯುವ ಪ್ಲಾಸ್ಟಿಕ್ ಫಿಲ್ಮನ್ನು ಕೆಲವು ತಿಂಗಳು ಕೋಣೆಯಲ್ಲಿ ತೂಗುಹಾಕುವುದು ರೂಢಿಯ ವಿಧಾನ. ಕಿಟಕಿ ತೆರೆದಿಡುವುದು, ಫರಸಿಯ ಸಂದುಗಳನ್ನು ಮುಚ್ಚುವುದು ಸುಲಭ ಪರಿಹಾರಗಳು. ಪ್ರಮಾಣ ಹೆಚ್ಚಿದ್ದರೆ ನೆಲದಡಿಯ ಗಾಳಿಯನ್ನು ಕೊಳವೆ, ಫ್ಯಾನ್ ಮೂಲಕ ಚಾವಣಿಯ ಮೇಲಕ್ಕೆ ಹೊರಹಾಕುತ್ತಾರೆ.