ಮೇಷ್ಟರಿಂದ ಮೇಷ್ಟರಿಗೆ ಅಂಚೆ

ನಮ್ಮ ಹಳ್ಳಿಗಾಡಿನ ಪ್ರೌಢಶಾಲೆಗಳಲ್ಲಿ ಗಣಿತಕ್ಕೆ ಸಾಮಾನ್ಯವಾಗಿ ಒಬ್ಬರೇ ಮೇಷ್ಟರು. ಪಾಠದ ನಡುವೆ ಅವರಿಗೇ ಒಂದು ಸಂದೇಹ ಬಂತೆನ್ನಿ, ಯಾರನ್ನು ಕೇಳಬೇಕು? ಪಕ್ಕದ ಕುರ್ಚಿಯ ಕನ್ನಡ ಪಂಡಿತರಿಗೆ ಅದು ಸಂಬಂಧಿಸಿದ್ದಲ್ಲ. ಮುಖ್ಯೋಪಾಧ್ಯಾಯರನ್ನು ಕೇಳಿದರೆ ‘ಇಷ್ಟೂ ಗೊತ್ತಿಲ್ಲವೇ’ ಎಂದಾರೆಂಬ ಅಳುಕು. ಇಲಾಖೆಯಿಂದ ಬರುವುದು ಸುತ್ತೋಲೆ. ಸುತ್ತೋಲೆಯನ್ನು ಮರುಪ್ರಶ್ನೆ ಕೇಳುವಂತಿಲ್ಲ. ತರಬೇತಿ ಶಿಬಿರ ನಡೆಯುವ ಹೊತ್ತಿಗೆ ಆ ಪಾಠವೇ ಮುಗಿದಿರುತ್ತದೆ. ಈ ಒಂಟಿತನ ನೀಗಲು ಶಿಕ್ಷಕರಿಗೆ ಒದಗಿದ ದಾರಿಗಳಲ್ಲೊಂದು ಇ-ಮೇಲ್ ಚರ್ಚಾಕೂಟ. ಅದರ ಹುಟ್ಟು ಮಾತ್ರ ಶಾಲೆಯಲ್ಲಲ್ಲ, ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ.

1981ರಲ್ಲಿ ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯದ ಐರಾ ಫುಕ್ಸ್ ಮತ್ತು ಯೇಲ್ ವಿಶ್ವವಿದ್ಯಾಲಯದ ಗ್ರೇಡನ್ ಫ್ರೀಮನ್ ಸೇರಿ ತಮ್ಮ ಗಣಕಯಂತ್ರಗಳನ್ನು ಬಾಡಿಗೆಯ ದೂರವಾಣಿ ತಂತಿಯಿಂದ ಬೆಸೆದರು. ಅದೇ ಬಿಟ್‌ನೆಟ್. ಆಗಿನ ಇನ್ನೊಂದು ಜಾಲ ಆರ್ಪಾನೆಟ್ ರಕ್ಷಣಾ ಇಲಾಖೆಯ ಸಂಶೋಧನೆಗೆ ಸೇರಿದವರ ಸ್ವತ್ತಾಗಿತ್ತು. ಬಿಟ್‌ನೆಟ್‌ಗೆ ಇತಿಹಾಸ, ಭಾಷೆ ಕಲಿಸುವವರೂ ಬರಬಹುದಿತ್ತು. ಒಂದೇ ವಿಷಯದಲ್ಲಿ ಆಸಕ್ತಿಯಿದ್ದವರ ವಿಳಾಸಪಟ್ಟಿಗಳೂ ಅಲ್ಲಿ ಹುಟ್ಟಿಕೊಂಡವು. ಆದರೆ ಪಟ್ಟಿಗೆ ಹೆಸರು ಸೇರಿಸುವುದು, ತೆಗೆಯುವುದು ಎಲ್ಲವೂ ಕೈಗೆಲಸ. 1986ರಲ್ಲಿ ಪ್ಯಾರಿಸ್ಸಿನ ವಿದ್ಯಾರ್ಥಿ ಎರಿಕ್ ಥಾಮಸ್ ಆ ಕೆಲಸವನ್ನು ಯಂತ್ರಕ್ಕೇ ಒಪ್ಪಿಸುವ ಲಿಸ್ಟ್‌ಸರ್ವ್ ತಂತ್ರಾಂಶ ಬರೆದರು. ಒಂದು ಸಾಲಿನ ಕೋರಿಕೆ ಕಳಿಸಿದರೆ ಸದಸ್ಯತ್ವ. ಒಂದು ವಿಳಾಸಕ್ಕೆ ಬರೆದ ಪತ್ರ ಪಟ್ಟಿಯಲ್ಲಿದ್ದ ಎಲ್ಲರಿಗೂ ತಲುಪುತ್ತಿತ್ತು. ಹಳ್ಳಿಯಲ್ಲಿ ಡಂಗುರ ಸಾರಿದಂತೆ. ಆದರೆ ಇಲ್ಲಿ ತಮಟೆ ಯಾರ ಕೈಗಾದರೂ ಸಿಗುತ್ತಿತ್ತು.

ಮೊದಲು ಇದರ ಲಾಭ ಪಡೆದವರಲ್ಲಿ ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿಸುವವರು ಇದ್ದರು. ಅವರ ಕೂಟ ಟೆಸಲ್-ಎಲ್ ನ್ಯೂಯಾರ್ಕಿನಲ್ಲಿ 1991ರಲ್ಲಿ ಆರಂಭವಾಯಿತು. ಇತಿಹಾಸದ ಅಧ್ಯಾಪಕರಿಗಾಗಿ ಷಿಕಾಗೋದ ಇಲಿನಾಯ್ ವಿಶ್ವವಿದ್ಯಾಲಯದ ರಿಚರ್ಡ್ ಜೆನ್ಸನ್ ಕಟ್ಟಿದ ಎಚ್-ನೆಟ್‌ನ ಮೊದಲ ಪಟ್ಟಿ 1993ರಲ್ಲಿ ಶುರುವಾಯಿತು. ಅಲ್ಲಿ ಪತ್ರಗಳನ್ನು ಸಂಪಾದಕರು ಓದಿ ನೋಡಿದ ಮೇಲೆಯೇ ಹರಿಯಬಿಡುತ್ತಿದ್ದರು. ಪತ್ರಿಕೆಯಲ್ಲಿ ಕೆಲಸ ಮಾಡುವವರಿಗೆ ಇದು ಮೆಚ್ಚುಗೆಯಾಗುವ ಪದ್ಧತಿ! ಸಂಪಾದಕರಿಲ್ಲದ ಪಟ್ಟಿಗಳಲ್ಲಿ ಜಗಳಗಳಿಗೆ ಬರವಿರಲಿಲ್ಲ. ‘ನನ್ನ ಹೆಸರು ತೆಗೆಯಿರಿ’ ಎಂದು ಯಂತ್ರಕ್ಕೆ ಬರೆಯಬೇಕಾದ್ದನ್ನು ನೂರಾರು ಜನರಿಗೆ ಕಳಿಸುವವರಂತೂ ಎಲ್ಲ ಕಡೆ ಇದ್ದರು.

ಭಾರತದಲ್ಲಿ 1986ರಲ್ಲಿ ಮೊದಲಾದ ಅರ್ನೆಟ್ ಉನ್ನತ ವಿದ್ಯಾಸಂಸ್ಥೆಗಳಾಚೆ ಬರಲಿಲ್ಲ. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ ಇಂಟರ್‌ನೆಟ್ಟನ್ನು ಸಾರ್ವಜನಿಕರಿಗೆ ತೆರೆದಾಗಲೂ ಸರ್ಕಾರಿ ಶಾಲೆಗಳಿಗೆ ಅದು ದೂರದ ಮಾತು. ಕರ್ನಾಟಕದ ಪ್ರೌಢಶಾಲಾ ಶಿಕ್ಷಕರಿಗೆ ಇಂಥ ಕೂಟ ದೊಡ್ಡ ಪ್ರಮಾಣದಲ್ಲಿ ಸಿಕ್ಕಿದ್ದು 2011ರ ಹೊತ್ತಿಗೆ. ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನದಡಿ, ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯ ಜೊತೆಗೂಡಿ ಶಿಕ್ಷಣ ಇಲಾಖೆ ‘ವಿಷಯ ಶಿಕ್ಷಕರ ವೇದಿಕೆ’ಯನ್ನು ಆರಂಭಿಸಿತು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಶಿಕ್ಷಕರು ಗಣಕದ ತರಬೇತಿಗೆ ಬಂದು, ತಮ್ಮ ಹೆಸರಿನಲ್ಲೊಂದು ಇ-ಮೇಲ್ ವಿಳಾಸ ತೆರೆದು, ಪಟ್ಟಿ ಸೇರಿದರು. ಸಾವಿರಾರು ಜನ ಸೇರಿದರು.

ಗಮನಿಸಬೇಕಾದ್ದು ಇಲ್ಲೇ. ಕಟ್ಟಿದ್ದು ಇಲಾಖೆ, ಆದರೆ ಪತ್ರಗಳು ಮೇಲಿನಿಂದ ಕೆಳಕ್ಕೆ ಮಾತ್ರ ಇಳಿಯಲಿಲ್ಲ, ಅಡ್ಡಡ್ಡಲಾಗಿ ಹರಿದವು. ಒಂದು ಜಿಲ್ಲೆಯ ಮೇಷ್ಟರು ಬಿಡಿಸಲಾಗದ ಲೆಕ್ಕವನ್ನು ಮುಂದಿಟ್ಟರೆ ಇನ್ನೊಂದು ಜಿಲ್ಲೆಯ ಟೀಚರ್ ಉತ್ತರ ಬರೆದರು. ಪ್ರಶ್ನೆಪತ್ರಿಕೆಗಳು, ಜಿಯೋಜೀಬ್ರಾ ಚಿತ್ರಗಳು ಕೈಬದಲಾದವು. ‘ನನಗೆ ತಿಳಿಯದು’ ಎಂದು ಸರ್ಕಾರಿ ಶಿಕ್ಷಕರೊಬ್ಬರು ರಾಜ್ಯದ ಮುಂದೆ ಬರೆಯುವುದು ಸಣ್ಣ ಧೈರ್ಯವಲ್ಲ.

ಅಡಚಣೆಗಳೂ ಇದ್ದವು. ಹಳೆಯ ನುಡಿ ಅಕ್ಷರಗಳಲ್ಲಿ ಟೈಪು ಮಾಡಿದ ಪಾಠ, ಆ ಫಾಂಟು ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗುಡ್ಡೆಯಾಗುತ್ತಿತ್ತು. ಯೂನಿಕೋಡ್ ಕನ್ನಡ ಕಲಿಯದೆ ಗತಿಯಿರಲಿಲ್ಲ. ಪಾಠದ ಚರ್ಚೆಯ ನಡುವೆ ಹಬ್ಬದ ಶುಭಾಶಯ, ವರ್ಗಾವಣೆ, ವೇತನದ ಸುದ್ದಿಗಳೂ ನುಗ್ಗಿದವು. ಇದನ್ನು ಬರೀ ಕಸವೆಂದು ತಳ್ಳಿಹಾಕಬೇಕಿಲ್ಲ; ಶಿಕ್ಷಕರ ಕೊಠಡಿಯಲ್ಲಿ ಪೈಥಾಗೊರಸನ ಮಾತಷ್ಟೇ ನಡೆಯುತ್ತದೆಯೇ?

ಆಮೇಲೆ ಮೊಬೈಲು ಬಂತು, ಮಾತುಕತೆ ವಾಟ್ಸ್‌ಆ್ಯಪಿಗೆ ಸರಿಯಿತು. ಅದು ಸಲೀಸು, ಸಂದೇಹವಿಲ್ಲ. ಆದರೆ 2016ರಿಂದ 2022ರವರೆಗೆ ಅಲ್ಲಿ ಒಂದು ಗುಂಪಿಗೆ 256 ಜನರ ಮಿತಿಯಿತ್ತು. ಇಡೀ ರಾಜ್ಯದ ಗಣಿತ ಶಿಕ್ಷಕರು ಒಂದೇ ಚಾವಡಿಯಲ್ಲಿ ಕೂರುವಂತಿರಲಿಲ್ಲ. ಇ-ಮೇಲ್ ಪಟ್ಟಿಯಲ್ಲಿ ಪ್ರತಿ ಪತ್ರಕ್ಕೂ ತಲೆಬರಹವಿತ್ತು, ಹಳೆಯ ಉತ್ತರಗಳ ಭಂಡಾರವಿತ್ತು. ಈ ವರ್ಷ ಕೆಲಸಕ್ಕೆ ಸೇರುವ ಶಿಕ್ಷಕಿಗೂ ಬರುವುದು ಅದೇ ತ್ರಿಕೋನಮಿತಿಯ ಸಂದೇಹ. ಅದಕ್ಕೆ ಉತ್ತರ ಯಾರೋ ಎಂದೋ ಬರೆದಿರುತ್ತಾರೆ; ಪಟ್ಟಿಯ ಭಂಡಾರದಲ್ಲಿದ್ದರೆ ಹುಡುಕಿದಾಗ ಸಿಕ್ಕೀತು, ಯಾರದೋ ಹಳೆಯ ಮೊಬೈಲಿನಲ್ಲಿದ್ದರೆ ಇಲ್ಲ.