ತೇಪೆ

ಪತ್ರಿಕೆಗಳಲ್ಲಿ ‘ತೇಪೆ’ ಎಂಬ ಮಾತು ಬಂದರೆ ಅದು ಬಹುಮಟ್ಟಿಗೆ ಬೈಗುಳವೇ. ಗುಂಡಿ ಬಿದ್ದ ರಸ್ತೆಗೆ ತೇಪೆ, ಒಡಕು ಮೂಡಿದ ಪಕ್ಷಕ್ಕೆ ತೇಪೆ, ಅರೆಬರೆ ಯೋಜನೆಗೆ ತೇಪೆ. ಮಾಡಿದಂತೆ ತೋರಿಸಿ ಮಾಡದೆ ಬಿಟ್ಟ ಕೆಲಸಕ್ಕೆಲ್ಲ ಇದೊಂದೇ ಹೆಸರು. ಇದರ ನೆಂಟ ಪದಗಳ ಪಾಡೂ ಹೆಚ್ಚು ಕಡಿಮೆ ಇಷ್ಟೆ. ಚಿಂದಿ ಕೂಡಿಸಿ ಹೊಲಿದ ಹೊದಿಕೆಗೆ ಕಂಥೆ, ಬೊಂತೆ ಎಂಬ ಹೆಸರುಗಳುಂಟು. ‘ಕಂತೆಗೆ ತಕ್ಕ ಬೊಂತೆ’ ಎಂಬ ಗಾದೆಯಲ್ಲಿ ಎರಡೂ ಹಂಗಿಸುವ ಕೆಲಸಕ್ಕೆ ಸಿಕ್ಕಿಕೊಂಡಿವೆ. ಅದೇ ಸಂಸ್ಕೃತದ ಕಂಥೆ ಬಂಗಾಳಕ್ಕೆ ಹೋಗಿ ಕಾಂಥಾ ಆಗಿ ಹೆಮ್ಮೆಯಿಂದ ಬಾಳುತ್ತಿದೆ. ಅಂದಮೇಲೆ ದೋಷ ಆ ಬಟ್ಟೆಯದಲ್ಲ, ನಾವು ಪದವನ್ನು ಬಳಸುತ್ತ ಬಂದ ರೀತಿಯದು.

ತೇಪೆ ಎಂದರೆ ಹರುಕನ್ನು ಮರೆಮಾಚುವುದು ಎಂಬ ನಂಬಿಕೆಯನ್ನು ಉತ್ತರ ಕರ್ನಾಟಕದ ಕೌದಿ ಸುಳ್ಳುಮಾಡುತ್ತದೆ. ಧಾರವಾಡ, ಗದಗ, ಬಾಗಲಕೋಟೆಯ ಕಡೆ ‘ತ್ಯಾಪಿ’ ಎನ್ನುವ ಈ ತುಂಡು ಕೌದಿಯಲ್ಲಿ ಯಾವ ತೂತನ್ನೂ ಮುಚ್ಚುವುದಿಲ್ಲ. ಹಳೆಯ ಸೀರೆ, ಧೋತರಗಳ ಪದರದ ಮೇಲೆ ತುಂಡುಗಳನ್ನು ಹರಡಿ, ಒತ್ತೊತ್ತಾಗಿ ಸಾಲು ಹೊಲಿಗೆ ಹಾಕುತ್ತ ಹೋದಂತೆ ಅವೇ ಹೊದಿಕೆಯಾಗುತ್ತವೆ. ತೇಪೆಗಳನ್ನು ಬಿಚ್ಚಿದರೆ ಕೌದಿಯೇ ಇಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರು ಅಂಚಿನಿಂದ ಹೊಲಿಯಲು ತೊಡಗಿ, ಸುತ್ತು ಸುತ್ತು ಬಂದು ನಡುವಿನಲ್ಲಿ ಮುಗಿಸುತ್ತಾರೆ. ಕೊನೆಗೆ ನಾಲ್ಕು ಮೂಲೆಗೂ ಮಡಿಚಿದ ತ್ರಿಕೋನದ ತುಂಡುಗಳನ್ನು ಹೂವಿನಂತೆ ಹೊಲಿಯುತ್ತಾರೆ. ಅದನ್ನವರು ‘ಫೂಲ’ ಎನ್ನುತ್ತಾರೆ.

ಇದೆಲ್ಲ ಬಡತನವನ್ನು ಅಂದಗಾಣಿಸುವ ಮಾತು ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪ ಗಟ್ಟಿಯಾದದ್ದೇ. ಹೊಸ ಹೊದಿಕೆ ಕೊಳ್ಳುವ ಶಕ್ತಿಯಿದ್ದ ಎಷ್ಟೋ ಮನೆಗಳು ಕೌದಿಯನ್ನು ಅಟ್ಟಕ್ಕೇರಿಸಿದ್ದೂ ನಿಜ. ಆದರೆ ಬಡತನದಿಂದ ಕೌದಿ ಏಕೆ ಹುಟ್ಟಿತೆಂದು ಹೇಳಬಹುದೇ ಹೊರತು ಮೂಲೆಯ ಫೂಲ ಏಕೆ ಬಂತೆಂದು ಹೇಳಲಾಗದು. ಅದರಿಂದ ಬೆಚ್ಚಗಾಗುವುದಿಲ್ಲ, ಬಾಳಿಕೆ ಹೆಚ್ಚುವುದಿಲ್ಲ. ಅದಿಲ್ಲದಿದ್ದರೆ ಹೊದಿಕೆ ಬೆತ್ತಲೆ ಎಂಬುದು ಹೊಲಿಯುವವರದೇ ತೀರ್ಮಾನ. ಈ ಅಂದ ಪೇಟೆಯ ಗಿರಾಕಿ ಬಂದಮೇಲೆ ಕಲ್ಪಿಸಿದ್ದು ಎನ್ನುವವರಿಗೂ ಇದೇ ಉತ್ತರ. 2011ರಲ್ಲಿ ನ್ಯೂಯಾರ್ಕಿನ ಶೊಂಬರ್ಗ್ ಸಂಶೋಧನಾ ಕೇಂದ್ರ ಸಿದ್ದಿಯರ ಕೌದಿಗಳನ್ನು ಪ್ರದರ್ಶಿಸಿತು, ಸಂತೋಷ. ಆದರೆ ಅಂದ ಕಾಣುವ ಆ ಕಣ್ಣು ಮೊದಲೇ ಕಾಡಂಚಿನ ಮನೆಗಳಲ್ಲಿತ್ತು.

ಹಾಗಾದರೆ ರಸ್ತೆಯ ತೇಪೆಯನ್ನೂ ಹೊಗಳಬೇಕೇ? ಬೇಡ. ಕೌದಿಯ ತುಂಡು ಕೆಳಗಿನ ಎಲ್ಲ ಪದರಗಳನ್ನೂ ಹಾದುಬಂದ ದಾರದಲ್ಲಿ ನಿಂತಿರುತ್ತದೆ. ಗುಂಡಿಗೆ ಸುರಿದ ಜಲ್ಲಿಗೆ ಅಂಥ ಯಾವ ಹಿಡಿತವೂ ಇರುವುದಿಲ್ಲ. ಮೊದಲ ಮಳೆಗೇ ಎದ್ದುಹೋಗುವ ಕೆಲಸಕ್ಕೆ ‘ಕಳಪೆ’ ಎಂಬ ನೇರವಾದ ಪದ ಕನ್ನಡದಲ್ಲಿದೆ. ವರದಿಗಾರರು ಅದನ್ನೇ ಬರೆಯಲಿ.